ಶಾನನ್–ಅರ್ನ್ ಜಲಮಾರ್ಗ: ಇಬ್ಬರೇ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಐರ್ಲೆಂಡಿನ ಈ 63 ಕಿ.ಮೀ. ದಾರಿಯಲ್ಲಿ ನಾನು, ನನ್ನ ಹೆಂಡತಿ ಬಾಡಿಗೆ ದೋಣಿಯನ್ನು ನಾವೇ ಓಡಿಸಿದೆವು. ಇದಕ್ಕೆ ಲೈಸೆನ್ಸ್ ಬೇಕಿಲ್ಲ.

ಮಜಾ ಇರುವುದು ದೋಣಿಯನ್ನು ಏರಿಸಿ ಇಳಿಸುವ ಗೇಟುಳ್ಳ ನೀರಿನ ತೊಟ್ಟಿಗಳಾದ 16 ಲಾಕ್‌ಗಳಲ್ಲಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಗೇಟು ಮುಚ್ಚುತ್ತದೆ, ನೀರು ತುಂಬುತ್ತದೆ, ದೋಣಿ ಮೆಲ್ಲಗೆ ಮೇಲೇರುತ್ತದೆ. ದಡದ ಪೆಟ್ಟಿಗೆಗೆ ಸ್ಮಾರ್ಟ್ ಕಾರ್ಡ್ ಹಾಕಿ ಬಟನ್ ಒತ್ತುವ ಕೆಲಸ ಅವಳದು. ಹಗ್ಗವನ್ನು ಗೂಟಕ್ಕೆ ಸುತ್ತಿ, ಕಟ್ಟದೆ, ದೋಣಿ ಏರಿದಂತೆ ಎಳೆದುಕೊಳ್ಳುತ್ತಾ ಹಿಡಿಯುವುದು ನನ್ನದು. ಕೈಗವಸು ಬೇಕೇ ಬೇಕು, ಒದ್ದೆ ಹಗ್ಗ ಅಂಗೈ ಸುಲಿಯುತ್ತದೆ.

ದೋಣಿ ಕೊಟ್ಟವರ ಪಾಠ ಚೆನ್ನಾಗಿತ್ತು. ಹಾಸಿಗೆ ಮಾತ್ರ ತೀರಾ ತೆಳು. ದುಡ್ಡು ಅಷ್ಟು ಜಾಸ್ತಿ ತಗೊಂಡ ಮೇಲೆ ಒಳ್ಳೆ ಹಾಸಿಗೆ ಕೊಡಬಹುದಿತ್ತು, ಅಲ್ವಾ? ಅವಸರದವರಿಗೆ ಇದು ಆಗಿಬರುವುದಿಲ್ಲ. ನಡೆದು ಹೋಗುವವರೂ ನಮ್ಮನ್ನು ದಾಟಿ ಹೋದರು!