ಕೊಡಚಾದ್ರಿಯ ಬುಡದಲ್ಲಿ ಊರನ್ನೇ ತೋರಿಸುವ ಹೋಮ್‌ಸ್ಟೇ

ಕೊಡಚಾದ್ರಿಗೆ ಹೋಗುವವರಲ್ಲಿ ಹೆಚ್ಚಿನವರು ನಿಟ್ಟೂರು, ಕಟ್ಟಿನಹೊಳೆಗಳಲ್ಲಿ ಜೀಪು ಹತ್ತಲೆಂದಷ್ಟೇ ಇಳಿಯುತ್ತಾರೆ. 1343 ಮೀಟರ್ ಎತ್ತರದ ಶಿಖರವನ್ನು ನೋಡಿ, ಅದೇ ಜೀಪಿನಲ್ಲಿ ಹಿಂದಿರುಗಿ, ಸಂಜೆಯೊಳಗೆ ಕೊಲ್ಲೂರಿನ ದಾರಿ ಹಿಡಿಯುತ್ತಾರೆ. ಹೊಸನಗರ ತಾಲ್ಲೂಕಿನ ಈ ಭಾಗದಲ್ಲಿ ಅಡಿಕೆ ಬೆಳೆಗಾರರ ಕುಟುಂಬವೊಂದು ನಡೆಸುತ್ತಿರುವ ಹೋಮ್‌ಸ್ಟೇ ಶಿಖರಕ್ಕಿಂತ ಊರಿಗೆ ಹೆಚ್ಚು ಸಮಯ ಕೊಡುತ್ತದೆ. ನನಗೆ ಅದು ಬಹಳ ಹಿಡಿಸಿತು.

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿ ಊರು ಎಲ್ಲಿದೆಯೆಂಬುದೇ ಬೇಗನೆ ತಿಳಿಯುವುದಿಲ್ಲ. ನೀರಿನ ಆಸರೆಯಿರುವ ಕಣಿವೆಯಲ್ಲಿ ತೋಟ, ಅದರ ಕೆಳಗೆ ಗದ್ದೆ, ಮೇಲೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ, ಇವುಗಳ ನಡುವೆ ಒಂದು ಮನೆ. ಮುಂದಿನ ಮನೆ ಗುಡ್ಡದ ಆಚೆಗೆ. ಬೆಳಗಿನ ತಿಂಡಿಯಾದ ಮೇಲೆ ಮನೆಯ ಯಜಮಾನರು ಅತಿಥಿಗಳನ್ನು ಕಾಲುಸಂಕ ದಾಟಿಸಿ ಇಂತಹ ನೆರೆಮನೆಗಳವರೆಗೂ ಕರೆದೊಯ್ಯುತ್ತಾರೆ. ಪಂಪಿನ ಹಂಗಿಲ್ಲದೆ, ಇಳಿಜಾರಿನ ಬಲದಿಂದಲೇ ಬೆಟ್ಟದ ನೀರು ಪೈಪಿನಲ್ಲಿ ಅಂಗಳಕ್ಕೆ ಬರುವ ಬಗೆಯನ್ನೂ, ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಮರವೇರಿ ಗೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸದ ಕಷ್ಟವನ್ನೂ ಅವರು ನಿಂತಲ್ಲೇ ವಿವರಿಸುತ್ತಾರೆ. ಈಚಿನ ವರ್ಷಗಳಲ್ಲಿ ಈ ಸೀಮೆಯನ್ನು ಕಾಡುತ್ತಿರುವ ಎಲೆಚುಕ್ಕೆ ರೋಗ ತಗುಲಿದ ಮರಗಳನ್ನೂ ಮರೆಮಾಚದೆ ತೋರಿಸಿದ್ದು ನನ್ನಲ್ಲಿ ಗೌರವ ಮೂಡಿಸಿತು. ಪ್ರವಾಸಿಗರಿಗೆ ಹಸಿರನ್ನಷ್ಟೇ ತೋರಿಸಿ ಕಳಿಸುವವರೇ ಹೆಚ್ಚು.

ಊಟದ ಬಗ್ಗೆ ಆಕ್ಷೇಪಕ್ಕೆ ಎಡೆಯೇ ಇಲ್ಲ. ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಕಳಲೆ ಪಲ್ಯ, ಬೆಳಗ್ಗೆ ಜೋನಿ ಬೆಲ್ಲದೊಂದಿಗೆ ನೀರುದೋಸೆ, ಎಲ್ಲವೂ ಮನೆಮಂದಿ ತಾವು ಉಣ್ಣುವ ಅಡುಗೆಯೇ. ಕೋಣೆಗಳು ಸರಳವಾಗಿವೆ, ಸ್ವಚ್ಛವಾಗಿವೆ. ಸ್ನಾನಕ್ಕೆ ಹಂಡೆಯ ಬಿಸಿನೀರು ಧಾರಾಳವಾಗಿ ಸಿಗುತ್ತದೆ.

ತಿದ್ದಿಕೊಳ್ಳಬೇಕಾದದ್ದು ಮುಂಚಿತವಾಗಿ ಮಾಹಿತಿ ಕೊಡುವ ಕ್ರಮವನ್ನು. ಜೀಪಿನ ಬಾಡಿಗೆ ಬೇರೆ ಎಂಬುದನ್ನು ನಮಗೆ ಅಲ್ಲಿಗೆ ಹೋದ ಮೇಲೆಯೇ ತಿಳಿಸಿದರು. ಮೊಬೈಲ್ ಸಂಪರ್ಕ ಸಿಗದಿರುವುದನ್ನೂ, ನಡಿಗೆಯ ದಾರಿಯಲ್ಲಿ ಜಾರುವ ಏರುಗಳಿರುವುದನ್ನೂ ಮೊದಲೇ ಹೇಳಿದ್ದರೆ ಮಂಡಿನೋವಿರುವ ಹಿರಿಯರನ್ನು ಕರೆತರುವವರು ಯೋಚಿಸಿ ನಿರ್ಧರಿಸಬಹುದಿತ್ತು. ಕೇಳಿಕೊಂಡರೆ ‘ನಗರ’ ಎಂಬ ಊರಿನ ಕೋಟೆಗೂ ವಾಹನ ಗೊತ್ತುಮಾಡಿ ಕೊಡುತ್ತಾರೆ. 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಬಿದನೂರೆಂಬ ಹೆಸರಿನಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಆ ಊರಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಮಳೆಗಾಲದಲ್ಲಿ ಉಂಬಳಗಳ ಕಾಟ ಖಂಡಿತ; ಆದರೆ ಎಳೆಯ ಕಳಲೆ, ಕೆಸುವಿನ ಪತ್ರೊಡೆ ಸಿಗುವುದೂ ಆಗಲೇ. ಮಕ್ಕಳೊಂದಿಗೆ ಹೋಗುವವರು ದೀಪಾವಳಿಯ ನಂತರದ ದಿನಗಳನ್ನು ಆರಿಸಿಕೊಂಡರೆ ಅಡಿಕೆ ಕೊಯ್ಲು ಮತ್ತು ಸುಲಿತವನ್ನೂ ನೋಡಬಹುದು.