ರೌಟರ್‌ನಿಂದ ಟಿವಿವರೆಗೆ: ಧಾರವಾಡದ ಹಳೇ ಮನೆಯಲ್ಲಿ ವೈಫೈ, ಮೆಶ್, ಪವರ್‌ಲೈನ್, ಲ್ಯಾನ್ ಹೋಲಿಕೆ

ಮನೆಗೆ ಫೈಬರ್ ಹಾಕಿಸುವವರು ಮೊದಲು ಕೇಳುವುದು ಪ್ಲಾನ್ ಬಗ್ಗೆ. 50 ಎಂಬಿಪಿಎಸ್ ಸಾಕಾ? 100 ಬೇಕಾ? 300 ತಗೊಂಡರೆ ಟಿವಿ ನಿಲ್ಲದೆ ಓಡುತ್ತದಾ? ನಾನು ನೋಡಿದ ಮನೆಗಳಲ್ಲಿ ಟಿವಿ ನಡುನಡುವೆ ನಿಲ್ಲುವುದಕ್ಕೆ ಪ್ಲಾನ್ ಕಾರಣವಾಗಿದ್ದು ಬಹಳ ಕಡಿಮೆ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, ಯೂಟ್ಯೂಬ್ ಕೇಳುವುದು 20. ಫುಲ್ ಎಚ್‌ಡಿಗೆ 5 ಸಾಕು. ಇಷ್ಟನ್ನು ಸಣ್ಣ ಪ್ಲಾನ್ ಕೂಡ ಕೊಡುತ್ತದೆ. ನೆಟ್ ಬಾಗಿಲವರೆಗೆ ಚೆನ್ನಾಗಿಯೇ ಬರುತ್ತದೆ. ಅಲ್ಲಿಂದ ಟಿವಿವರೆಗಿನ ನಲವತ್ತು ಅಡಿಯಲ್ಲಿ ಸೋರಿಹೋಗುತ್ತದೆ.

ಆ ನಲವತ್ತು ಅಡಿಗೆ ಇರುವ ದಾರಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಮುಖ್ಯ ಪರೀಕ್ಷೆ ನಡೆದದ್ದು ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಹಳೇ ಮನೆಯಲ್ಲಿ. ಅದೇ ಸಾಮಾನನ್ನು ಹುಬ್ಬಳ್ಳಿ ಗೋಕುಲ ರೋಡಿನ ಅಕ್ಕನ ಫ್ಲ್ಯಾಟಿಗೂ, ಬೆಟಗೇರಿಯ ಮಾವನವರ ಮನೆಗೂ ಒಯ್ದೆ. ಮನೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಅದನ್ನು ಕಣ್ಣಾರೆ ನೋಡಬೇಕಿತ್ತು.

ನಮ್ಮ ಮನೆ ಉದ್ದಕ್ಕೆ ಇದೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲಿನ ಕಡೆಯ ಕೋಣೆ. ಗೋಡೆ ಕಲ್ಲು ಮಣ್ಣಿನದು, ಹೆಚ್ಚುಕಡಿಮೆ ಎರಡು ಅಡಿ ದಪ್ಪ. ಫೈಬರ್ ಬಾಕ್ಸ್ ಮುಂದಿನ ಪಡಸಾಲೆಯಲ್ಲಿದೆ. ನೆಟ್ ಹಾಕಲು ಬಂದವರು ವೈರು ಒಳಗೆ ಬಂದ ಜಾಗದಲ್ಲೇ ಮೊಳೆ ಹೊಡೆದು ಹೋಗುತ್ತಾರೆ, ಎಲ್ಲ ಕಡೆ ಇದೇ ಕತೆ ಅಲ್ವಾ? ಟಿವಿ ಹಿಂದಿನ ಕೋಣೆಯಲ್ಲಿ, ಯಾಕೆಂದರೆ ಅಪ್ಪ ಅಮ್ಮ ಸಂಜೆ ಕೂರುವುದು ಅಲ್ಲಿ.

ಅಳೆದ ಬಗೆಯನ್ನೂ ಹೇಳಿಬಿಡುತ್ತೇನೆ. ಫೋನಿನ ಸ್ಪೀಡ್ ಟೆಸ್ಟ್ ಆ್ಯಪ್ ಮನೆಯಿಂದ ಹೊರಗಿನ ಸರ್ವರ್‌ವರೆಗೆ ಇಡೀ ದಾರಿಯನ್ನು ಅಳೆಯುತ್ತದೆ. ತಪ್ಪು ಮನೆಯದ್ದಾ, ಹೊರಗಿನ ಲೈನಿನದ್ದಾ ಅಂತ ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಒಂದು ಲ್ಯಾಪ್‌ಟಾಪನ್ನು ವೈರಿನಿಂದ ರೌಟರ್‌ಗೆ ಕಟ್ಟಿ, ಇನ್ನೊಂದನ್ನು ಟಿವಿ ಪಕ್ಕ ಇಟ್ಟು, ಐಪರ್ಫ್ ಎಂಬ ಉಚಿತ ತಂತ್ರಾಂಶದಿಂದ ಮನೆಯೊಳಗಿನ ದಾರಿಯನ್ನು ಮಾತ್ರ ಅಳೆದೆ. ಸರಾಸರಿ ವೇಗಕ್ಕಿಂತ ನಡುವೆ ಎಷ್ಟು ಸಲ ಬಿದ್ದಿತು ಎಂಬುದಕ್ಕೆ ಜಾಸ್ತಿ ಗಮನ ಕೊಟ್ಟೆ. ಸಿನಿಮಾ ಹಾಕಿದಾಗ ಆ್ಯಪ್ ಮುಂದಿನದ್ದನ್ನು ಸಾಕಷ್ಟು ತುಂಬಿಟ್ಟುಕೊಳ್ಳುತ್ತದೆ, ಸಣ್ಣ ಕುಸಿತ ಗೊತ್ತೇ ಆಗುವುದಿಲ್ಲ. ಲೈವ್ ಪಂದ್ಯದಲ್ಲಿ ಮುಂದಿನದ್ದು ಇನ್ನೂ ನಡೆದೇ ಇರುವುದಿಲ್ಲ, ತುಂಬಿಡಲು ಏನಿದೆ? ಅಲ್ಲಿ ನಾಲ್ಕೈದು ಸೆಕೆಂಡು ತಪ್ಪಿದರೂ ಚಕ್ರ ತಿರುಗುತ್ತದೆ. ಹಿಂದಿನ ಕೋಣೆಯಿಂದ "ಏ, ಮತ್ತ ನಿಂತ್ತು ನೋಡು" ಎಂಬ ಕೂಗು ಬರುತ್ತಿದ್ದದ್ದು ಇಂಥ ಹೊತ್ತಿನಲ್ಲೇ.

ಮೊದಲು ರೌಟರ್‌ನ ಸ್ವಂತ ವೈಫೈ. ಇದು ಎರಡು ಬ್ಯಾಂಡ್‌ನಲ್ಲಿ, ಅಂದರೆ ಎರಡು ಬಗೆಯ ರೇಡಿಯೋ ಅಲೆಯಲ್ಲಿ ಬರುತ್ತದೆ: 2.4 ಮತ್ತು 5 ಗಿಗಾಹರ್ಟ್ಸ್. 5 ಗಿಗಾಹರ್ಟ್ಸ್ ಪಡಸಾಲೆಯಲ್ಲಿ ಕುದುರೆಯಂತೆ ಓಡಿತು. ನಡುಮನೆಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹಿಂದಿನ ಕೋಣೆಯಲ್ಲಿ ಹೆಸರೇ ಕಾಣಲಿಲ್ಲ. ಅಲೆಯ ಕಂಪನ ಹೆಚ್ಚಾದಷ್ಟೂ ಗೋಡೆ ದಾಟುವ ಶಕ್ತಿ ಕಡಿಮೆ. ಅದರಲ್ಲೂ ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡಿರುತ್ತದೆ, ನೀರು ಈ ಅಲೆಗಳನ್ನು ನುಂಗುತ್ತದೆ. 2.4 ಗಿಗಾಹರ್ಟ್ಸ್ ಹಿಂದಿನವರೆಗೆ ಹೇಗೋ ಮುಟ್ಟಿತು. ಆದರೆ ಹತ್ತು, ನಾಲ್ಕು, ಹನ್ನೆರಡು, ಮತ್ತೆ ಎರಡು ಅಂತ ಒಂದು ಕಡೆ ನಿಲ್ಲಲೇ ಇಲ್ಲ. ಈ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6, 11. ಓಣಿಯ ಮನೆಗಳೆಲ್ಲ ಆ ಮೂರರಲ್ಲೇ ತಿಕ್ಕಾಡುತ್ತವೆ. ಅಮ್ಮ ಬೆಳಿಗ್ಗೆ ಆ್ಯಪ್‌ನಲ್ಲಿ ಆಕಾಶವಾಣಿ ಧಾರವಾಡ ಕೇಳುವುದಕ್ಕೆ ಇದು ಧಾರಾಳ. 1950ರಿಂದ ಇರುವ ಕೇಂದ್ರ, ಈಗ ಹಿಂದಿನ ಕೋಣೆಯ ಫೋನಿನಲ್ಲಿ ಸ್ಪಷ್ಟವಾಗಿ ಬರುತ್ತದೆ. ಟಿವಿಗೆ ಇದನ್ನು ನಂಬುವಂತಿಲ್ಲ.

ರೌಟರ್‌ನ ವೈಫೈ ಹಿಡಿದು ಮತ್ತೆ ಹರಡುವ ರಿಪೀಟರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಾವಿರದೊಳಗೆ ಸಿಗುತ್ತದೆ, ಫೋನಿನಲ್ಲಿ ಗೆರೆಗಳು ತುಂಬುತ್ತವೆ. ಒಂದೇ ರೇಡಿಯೋದಲ್ಲಿ ಕೇಳಬೇಕು, ಅದರಲ್ಲೇ ಮತ್ತೆ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಸುಮ್ನೆ ಗೆರೆ ನೋಡಿ ಕೊಳ್ಳಬೇಡಿ.

ಮೆಶ್ ಬೇರೆ ಮಾತು. ಒಂದಕ್ಕಿಂತ ಹೆಚ್ಚು ವೈಫೈ ಡಬ್ಬಿಗಳು ತಮ್ಮೊಳಗೇ ಮಾತಾಡಿಕೊಂಡು ಮನೆಗೆಲ್ಲ ಒಂದೇ ವೈಫೈ ಹಂಚುವ ವ್ಯವಸ್ಥೆ ಅದು. ಎರಡು ಡಬ್ಬಿಯ ಸೆಟ್ ತಂದೆ. ಒಂದನ್ನು ರೌಟರ್ ಪಕ್ಕ ಇಟ್ಟೆ. ಇನ್ನೊಂದನ್ನು ಎಲ್ಲಿ ಇಡಬೇಕು ಎಂಬುದರಲ್ಲೇ ಎಲ್ಲ ಅಡಗಿದೆ. ಟಿವಿ ಪಕ್ಕ ಇಟ್ಟರೆ ಪ್ರಯೋಜನವಿಲ್ಲ, ಅಲ್ಲಿಗೆ ಸಿಗ್ನಲ್ ಬಂದರೆ ತಾನೇ ಅದು ಹಂಚುವುದು? ನಡುಮನೆಯ ದೀಪದ ಗೂಡಿನಲ್ಲಿ ಚಂದ ಕಾಣುತ್ತದೆ, ಆದರೆ ಅಲ್ಲಿ ಮೂರು ಕಡೆ ಗೋಡೆ. ತಿಜೋರಿಯ ಹಿಂದೆ ಇಡಲೇಬಾರದು, ಕಬ್ಬಿಣದ ತಗಡು ಅಲೆಗೆ ಪೂರ್ತಿ ಅಡ್ಡ. ಅಡುಗೆಮನೆಯ ಸ್ಟೀಲ್ ಪಾತ್ರೆಯ ಸ್ಟ್ಯಾಂಡ್ ಕೂಡ ಹಾಗೇ. ಕೊನೆಗೆ ಬಾಗಿಲಿಗೆ ಬಾಗಿಲು ನೇರವಾಗಿ ಕಾಣುವ ಜಾಗದಲ್ಲಿ, ನಡುಮನೆಯ ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟಾಗ ಹಿಂದಿನ ಕೋಣೆಗೆ ನಲವತ್ತು ಎಂಬಿಪಿಎಸ್‌ನ ಆಸುಪಾಸು ಸಿಕ್ಕಿತು. ಹಳೇ ಮನೆಗಳಲ್ಲಿ ಬಾಗಿಲುಗಳು ಒಂದೇ ಸಾಲಿಗೆ ಇರುತ್ತವಲ್ಲ, ಅದು ಮೆಶ್‌ಗೆ ವರ. ರಾತ್ರಿ ನಡುಬಾಗಿಲು ಹಾಕಿದರೆ ಮಾತ್ರ ಇಪ್ಪತ್ತಕ್ಕೆ ಇಳಿಯಿತು. ತೇಗದ ದಪ್ಪ ಬಾಗಿಲು ಅದು. ಆರು ಸಾವಿರ ಕೊಟ್ಟು ತಂದ ವಸ್ತು ಬಾಗಿಲು ತೆರೆದಿರಲಿ ಎಂದು ಕಾಯುವುದು ನನಗೆ ಒಪ್ಪಿಗೆಯಾಗಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಇದ್ದದ್ದು ಪವರ್‌ಲೈನ್ ಮೇಲೆ. ಮನೆಯ ಕರೆಂಟ್ ವೈರಿನಲ್ಲೇ ನೆಟ್ ಹರಿಸುವ ಜೋಡಿ ಅಡಾಪ್ಟರ್ ಇದು. ಕರೆಂಟ್ 50 ಹರ್ಟ್ಸ್‌ನಲ್ಲಿ ಹೋಗುತ್ತದೆ, ಇದರ ಸಿಗ್ನಲ್ 2 ಮೆಗಾಹರ್ಟ್ಸ್‌ಗಿಂತ ಮೇಲೆ, ಹಾಗಾಗಿ ಒಂದೇ ತಂತಿಯಲ್ಲಿ ಎರಡೂ ಜೊತೆಗೆ ಹೋಗಬಹುದು. ಗೋಡೆ ಕೊರೆಯುವುದು ಬೇಡ, ಹೊಸ ವೈರು ಬೇಡ. ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ನನಗೆ ಸಿಕ್ಕ ಜೋಡಿಗೆ ವಿದೇಶಿ ಪಿನ್ ಇತ್ತು, ಕನ್ವರ್ಟರ್ ಬೇಕಾಯಿತು. ಡಬ್ಬಿಯ ಮೇಲೆ ದೊಡ್ಡದಾಗಿ 1200 ಎಂದಿತ್ತು. ಅದು ತಂತಿಯ ಮೇಲಿನ ಲೆಕ್ಕದ ವೇಗ, ಎರಡು ದಿಕ್ಕೂ ಸೇರಿಸಿದ್ದು, ಕೈಗೆ ಬರುವುದಲ್ಲ. ಒಂದೇ ಕೋಣೆಯ ಎರಡು ಪ್ಲಗ್‌ಗಳ ನಡುವೆ ಇನ್ನೂರರ ಮೇಲೆ ಸಿಕ್ಕಿತು. ಪಡಸಾಲೆಯಿಂದ ಹಿಂದಿನ ಕೋಣೆಗೆ ಐವತ್ತರಿಂದ ಅರವತ್ತು. ಇಷ್ಟೇ ನಿಂತಿದ್ದರೆ ನಾನು ಇಲ್ಲಿಗೇ ಮುಗಿಸುತ್ತಿದ್ದೆ.

ಅಮ್ಮ ಶೇಂಗಾ ಹಿಂಡಿ ಮಾಡಲು ಮಿಕ್ಸರ್ ಹಾಕಿದಳು. ಅಡಾಪ್ಟರ್‌ನ ದೀಪ ಹಸಿರಿನಿಂದ ಕೇಸರಿಗೆ, ಕೇಸರಿಯಿಂದ ಕೆಂಪಿಗೆ ತಿರುಗಿತು. ಐಪರ್ಫ್ ಒಂದಂಕಿಗೆ ಬಿತ್ತು. ಮಿಕ್ಸರ್ ನಿಂತ ಮೇಲೆ ನಿಧಾನವಾಗಿ ಮತ್ತೆ ಹಸಿರು. ಮಿಕ್ಸರ್ ಮೋಟರಿನೊಳಗೆ ಕಾರ್ಬನ್ ಬ್ರಶ್ ಉಜ್ಜುವಾಗ ಕಿಡಿ ಹಾರುತ್ತದೆ, ಅದರ ಗದ್ದಲ ತಂತಿಗೆ ಸೇರುತ್ತದೆ. ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿನ ಡ್ರೈವರ್ ಕೂಡ ಅಷ್ಟಿಷ್ಟು ಕೆಡಿಸುತ್ತವೆ. ಬೆಟಗೇರಿಯಲ್ಲಂತೂ ಮಾವನವರ ಮನೆಗೆ ಅಂಟಿಕೊಂಡ ಖೋಲಿಯಲ್ಲಿ ವಿದ್ಯುತ್ ಮಗ್ಗ ಇದೆ, ಅದೂ ಇದೇ ಮೀಟರಿನ ಮೇಲೆ. ಮಗ್ಗ ಓಡುತ್ತಿರುವಷ್ಟು ಹೊತ್ತು ಪವರ್‌ಲೈನ್ ಕೆಲಸ ಮಾಡಲೇ ಇಲ್ಲ.

ನಮ್ಮ ಕಡೆಯ ಮನೆಗಳಿಗೆ ಇನ್ನೂ ದೊಡ್ಡ ತೊಡಕು ಒಂದಿದೆ. ಅದನ್ನು ಡಬ್ಬಿಯ ಮೇಲೆ ಯಾರೂ ಬರೆದಿರುವುದಿಲ್ಲ. ಕರೆಂಟ್ ಹೋದಾಗ ನೆಟ್ ಹೋಗಬಾರದು ಎಂದು ರೌಟರನ್ನು ಇನ್ವರ್ಟರ್ ಲೈನಿಗೆ ಹಾಕಿರುತ್ತೇವೆ. ಹಿಂದಿನ ಕೋಣೆಯ ಪ್ಲಗ್ ನೇರ ಲೈನಿನಲ್ಲಿರುತ್ತದೆ. ಎರಡರ ನಡುವೆ ಇನ್ವರ್ಟರ್ ಕೂತಿದೆ. ಕರೆಂಟ್ ಇರುವಾಗ ಸಿಗ್ನಲ್ ಅದರೊಳಗಿಂದ ಕಷ್ಟಪಟ್ಟು ದಾಟುತ್ತದೆ. ಕರೆಂಟ್ ಹೋದ ಕೂಡಲೇ ಒಳಗಿನ ರಿಲೇ ಎರಡು ಲೈನನ್ನೂ ಬೇರೆ ಮಾಡುತ್ತದೆ, ದಾರಿಯೇ ಕಡಿದು ಹೋಗುತ್ತದೆ. ಮೂರು ಫೇಸ್ ಇರುವ ಮನೆಗಳಲ್ಲಿ ರೌಟರ್ ಒಂದು ಫೇಸ್‌ನಲ್ಲಿ, ಟಿವಿ ಇನ್ನೊಂದರಲ್ಲಿ ಇದ್ದರೂ ಸಿಗ್ನಲ್ ಸೊರಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ, ಸ್ಪೈಕ್ ಗಾರ್ಡಿಗೆ ಚುಚ್ಚುವಂತಿಲ್ಲ, ಗೋಡೆಯ ಪ್ಲಗ್ಗೇ ಬೇಕು. ಒಳ್ಳೆಯ ವೈರಿಂಗ್ ಇರುವ, ಇನ್ವರ್ಟರ್ ಇಲ್ಲದ ಮನೆಯಲ್ಲಿ ಇದು ಚೆನ್ನಾಗಿ ನಡೆಯಬಹುದು. ಧಾರವಾಡದಲ್ಲಿ ಅಂಥ ಮನೆ ಹುಡುಕಬೇಕು.

ಕೇಬಲ್ ಟಿವಿಯ ಹಳೇ ದುಂಡು ವೈರನ್ನು ಬಳಸುವ ಮೋಕಾ ಎಂಬ ತಂತ್ರವೂ ಇದೆ. 2004ರಲ್ಲಿ ಶುರುವಾದದ್ದು, ಅಮೆರಿಕದ ಮನೆಗಳಲ್ಲಿ ಸಾಕಷ್ಟು ಬಳಕೆಯಲ್ಲಿದೆ. ವೇಗದಲ್ಲಿ ಲ್ಯಾನ್ ವೈರಿಗೆ, ಅಂದರೆ ರೌಟರ್‌ನಿಂದ ನೇರ ಎಳೆಯುವ ನೆಟ್‌ವರ್ಕ್ ವೈರಿಗೆ ಹೆಗಲೆಣೆ. ಇಲ್ಲಿನ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಸಿಕ್ಕರೂ ಡಿಶ್ ಇರುವವರು ಎಚ್ಚರ ವಹಿಸಬೇಕು. ಡಿಶ್‌ನಿಂದ ಬಾಕ್ಸ್‌ಗೆ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್ ನಡುವೆ ಇರುತ್ತದೆ, ಮೋಕಾ ಕೂಡ ಸಾಮಾನ್ಯವಾಗಿ ಅದೇ ಜಾಗದಲ್ಲಿ ಮಾತಾಡುತ್ತದೆ. ಒಂದೇ ವೈರಿನಲ್ಲಿ ಎರಡೂ ಆಗುವುದಿಲ್ಲ.

ಕೊನೆಗೆ ಲ್ಯಾನ್ ವೈರು. ಗೋಡೆ ಕೊರೆಯಬೇಕಲ್ಲ ಎಂಬ ಹೆದರಿಕೆಯಿಂದ ಎಲ್ಲರೂ ಇದನ್ನು ಕೊನೆಗೇ ಇಡುತ್ತಾರೆ. ನಮ್ಮಲ್ಲಿ ಹಳೇ ಕೇಬಲ್ ಟಿವಿಯವರು ಮಾಡಿದ್ದ ತೂತು ಪ್ರತಿ ಗೋಡೆಯಲ್ಲೂ ಇತ್ತು. ಹೊಸದಾಗಿ ಒಂದೂ ಕೊರೆಯಲಿಲ್ಲ. ಜಂತಿಯ ಮೇಲೆ ಒರಗಿಸಿ, ಕರೆಂಟ್ ವೈರಿನಿಂದ ಅರ್ಧ ಅಡಿ ದೂರ ಇಟ್ಟು, ಹಿಂದಿನ ಕೋಣೆಗೆ ಇಳಿಸಿದೆ. ಹೊರಗೋಡೆಯ ಮೇಲಿಂದ ತಂದರೆ ಸುಲಭ, ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಆ ತಾಮ್ರದ ತಂತಿ ರೌಟರ್ ಮತ್ತು ಟಿವಿ ಎರಡನ್ನೂ ಸುಡಬಹುದು. ಮನೆಯೊಳಗಿಂದಲೇ ತನ್ನಿ.

ವೈರು ಕೊಳ್ಳುವಾಗ ಒಂದು ತುದಿ ಕೆರೆದು ನೋಡಿ. ಒಳಗಿನವರೆಗೂ ಕೆಂಪಗಿದ್ದರೆ ತಾಮ್ರ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಇದ್ದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬೆಲೆ ಕಡಿಮೆ, ಬಗ್ಗಿಸಿದರೆ ಮುರಿಯುತ್ತದೆ. ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಕನೆಕ್ಟರಿಗೆ ಕೂರಿಸುವ ಸಾಲು ಹೀಗೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಒಂದೇ ಸಾಲು. ಎಳೆಗಳನ್ನು ಉಗುರಿನಿಂದ ಬಿಡಿಸಿ, ನೆಟ್ಟಗೆ ಮಾಡಿ, ಒಂದೇ ಮಟ್ಟಕ್ಕೆ ಕತ್ತರಿಸಿ, ಕೊನೆಯವರೆಗೂ ನೂಕಬೇಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್ ವೇಗಕ್ಕೆ, ನಾಲ್ಕೂ ಜೋಡಿ ಬೇಕು. ಕಂದು ಅಥವಾ ನೀಲಿ ಜೋಡಿಯ ಒಂದು ಎಳೆ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತದೆ, ಆದರೆ ವೇಗ ಸುಮ್ಮನೆ 100ಕ್ಕೆ ಇಳಿದಿರುತ್ತದೆ, ಗೊತ್ತೂ ಆಗುವುದಿಲ್ಲ.

ಕ್ಯಾಟ್ 6 ದರ್ಜೆಯ ಲ್ಯಾನ್ ವೈರು, ಕನೆಕ್ಟರು, ಕ್ಲಿಪ್ಪು ಎಲ್ಲ ಸೇರಿ ಮೆಶ್‌ನ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಐಪರ್ಫ್ ಒಂಬೈನೂರರ ಮೇಲೆ ಹೋಗಿ ಅಲ್ಲೇ ನಿಂತಿತು. ಮಿಕ್ಸರ್ ಹಾಕಿದರೂ, ಬಾಗಿಲು ಹಾಕಿದರೂ, ಕರೆಂಟ್ ಹೋಗಿ ಇನ್ವರ್ಟರ್ ಬಂದರೂ ಒಂದು ಅಂಕಿ ಅಲುಗಾಡಲಿಲ್ಲ. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆಗಿರುತ್ತದೆ, ನಮ್ಮದೂ ಅಷ್ಟೇ. ಬೇಸರ ಬೇಡ. 4ಕೆಗೆ ಬೇಕಾದ್ದು 20, ಅದು ಬೀಳದೆ ಬಂದರೆ ಆಯಿತು.

ಗೋಕುಲ ರೋಡಿನ ಫ್ಲ್ಯಾಟಿನಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಒಳಗೋಡೆ ನಾಲ್ಕು ಇಂಚಿನದು, ರೌಟರ್‌ನಿಂದ ಟಿವಿಗೆ ಒಂದೇ ಗೋಡೆ ಅಡ್ಡ. ಅಕ್ಕಪಕ್ಕ ಮೇಲೆ ಕೆಳಗಿನ ಮನೆಗಳ ಹೆಸರುಗಳು ಪರದೆ ತುಂಬ ಬಂದವು, 2.4 ಉಸಿರಾಡಲೂ ಆಗದಷ್ಟು ಕಿಕ್ಕಿರಿದಿತ್ತು. ಆದರೆ 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಹೆಚ್ಚು, ಪಕ್ಕದ ಮನೆಯದು ಗೋಡೆ ದಾಟಿ ಬರುವುದೂ ಕಡಿಮೆ. ಟಿವಿಯನ್ನು 5ಕ್ಕೆ ಮಾತ್ರ ಕಟ್ಟಿ, 2.4ರ ಪಾಸ್‌ವರ್ಡನ್ನು ಟಿವಿಯಿಂದ ಅಳಿಸಿದೆ. ಇಲ್ಲದಿದ್ದರೆ ಅದು ಮತ್ತೆ ಮತ್ತೆ ಕೆಳಗಿನದ್ದಕ್ಕೇ ಹೋಗಿ ಕೂರುತ್ತದೆ. ಅಕ್ಕ ಮೆಶ್ ಕೊಳ್ಳಲು ತಯಾರಾಗಿದ್ದಳು, ಬೇಕಾಗಲಿಲ್ಲ.

ಬೆಟಗೇರಿಯಲ್ಲಿ ಮಾವನವರು ಛಾವಣಿಯ ಮೇಲಿನ ದೂರದರ್ಶನದ ಫ್ರೀ ಡಿಶ್ ತೆಗೆಯಲು ಒಪ್ಪಲಿಲ್ಲ. ಅವರ ಮಾತು ಸರಿ. 2004ರಿಂದ ನಡೆಯುತ್ತಿರುವ ಸೇವೆ, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಮುಖ್ಯ ಪಂದ್ಯಗಳ ಸಿಗ್ನಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕೆಂದು 2007ರ ಕಾನೂನು ಹೇಳುತ್ತದೆ, ಹಾಗಾಗಿ ಭಾರತದ ಕೆಲವು ಪಂದ್ಯಗಳೂ ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತವೆ. ಜಿಟಿಜಿಟಿ ಮಳೆಗೆ ಅದು ಜಗ್ಗುವುದಿಲ್ಲ, ಕಪ್ಪು ಮೋಡ ಕಟ್ಟಿ ಜೋರಾಗಿ ಸುರಿದಾಗ ಮಾತ್ರ ಹತ್ತು ನಿಮಿಷ ಹೋಗುತ್ತದೆ. ಒಂದು ಪಂದ್ಯವನ್ನು ಡಿಶ್‌ನಲ್ಲೂ ಫೋನಿನ ಆ್ಯಪ್‌ನಲ್ಲೂ ಒಟ್ಟಿಗೆ ಹಾಕಿ ನೋಡಿದೆವು. ಸಿಗ್ನಲ್ 36,000 ಕಿಲೋಮೀಟರ್ ಮೇಲೆ ಹೋಗಿ ಇಳಿಯಲು ಬೇಕಾದ್ದು ಕಾಲು ಸೆಕೆಂಡು. ಆ್ಯಪ್ ಆಟವನ್ನು ತುಂಡು ತುಂಡಾಗಿ ಕತ್ತರಿಸಿ, ಕೂಡಿಟ್ಟು ಕಳಿಸುತ್ತದೆ. ಡಿಶ್‌ನಲ್ಲಿ ವಿಕೆಟ್ ಬಿದ್ದು, ಹೊಸ ಬ್ಯಾಟ್ಸ್‌ಮನ್ ಮೈದಾನಕ್ಕೆ ಇಳಿಯುವ ಹೊತ್ತಿಗೆ ಫೋನಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಲ್ಯಾನ್ ವೈರು ಎಷ್ಟೇ ಚೆನ್ನಾಗಿದ್ದರೂ ಈ ಅರ್ಧ ನಿಮಿಷ ಕಡಿಮೆ ಆಗುವುದಿಲ್ಲ, ಅದು ಕಳಿಸುವವರ ಕಡೆಯದು. ಅವರ ಮನೆಗೂ ಒಂದು ಲ್ಯಾನ್ ವೈರು ಎಳೆದುಕೊಟ್ಟೆ, ಡಿಶ್ ವೈರಿನ ತೂತಿನಲ್ಲೇ. ಸಿನಿಮಾ, ಯೂಟ್ಯೂಬ್ ಅದರಲ್ಲಿ. ಪಂದ್ಯ ಡಿಡಿಯಲ್ಲಿ ಇದ್ದ ದಿನ ರಿಮೋಟಿನಲ್ಲಿ ಡಿಶ್‌ಗೆ ಬದಲಾಯಿಸಿಕೊಳ್ಳುತ್ತಾರೆ.