ಚಿಕ್ಕಬಳ್ಳಾಪುರದ ತಾರಸಿಯಲ್ಲಿ ಎಪಿಆರ್‌ಎಸ್ ಡಿಜಿಪೀಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಎಪಿಆರ್‌ಎಸ್ ಅಂದರೆ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರು, ತಾವಿರುವ ಸ್ಥಾನವನ್ನು ಪುಟ್ಟ ಡಿಜಿಟಲ್ ಪ್ಯಾಕೆಟ್ಟುಗಳಾಗಿ ರೇಡಿಯೋದಲ್ಲಿ ಕಳಿಸುವ ವ್ಯವಸ್ಥೆ; ಅದನ್ನು ಕೇಳಿ ತಿರುಗಿ ಹೇಳುವ ಪೆಟ್ಟಿಗೆಯೇ ಡಿಜಿಪೀಟರ್. ನನ್ನ ಸೆಟಪ್ ಏನೂ ದೊಡ್ಡದಲ್ಲ. ಹಳೆಯ ರಾಸ್ಪ್‌ಬೆರಿ ಪೈ, (ಅಂಗೈಯಗಲದ ಕಂಪ್ಯೂಟರ್), ಯುಎಸ್‌ಬಿ ಸೌಂಡ್ ಕಾರ್ಡ್, ಎರಡು ಮೀಟರ್ ಬ್ಯಾಂಡಿನ ಸೆಕೆಂಡ್ ಹ್ಯಾಂಡ್ ರಿಗ್ (ರೇಡಿಯೋ ಸೆಟ್), 12 ವೋಲ್ಟ್ ಬ್ಯಾಟರಿ, ನೀರಿನ ಟ್ಯಾಂಕ್ ಪಕ್ಕದ ಪೈಪಿಗೆ ಕಟ್ಟಿದ ಗ್ರೌಂಡ್ ಪ್ಲೇನ್ ಆಂಟೆನಾ. ತಂತ್ರಾಂಶ ಡೈರ್‌ವುಲ್ಫ್, ಕಾಸು ಕೊಡಬೇಕಿಲ್ಲ. ಹ್ಯಾಮ್‌ಗಳ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ), ಕಾರಿನ ಟ್ರ್ಯಾಕರ್ ಕಳಿಸುವ ಸ್ಥಾನದ ಪ್ಯಾಕೆಟ್ಟನ್ನು ಕೇಳಿಸಿಕೊಂಡು, ಅದೇ ತರಂಗಾಂತರದಲ್ಲಿ ಒಮ್ಮೆ ತಿರುಗಿ ಹೇಳುವುದು ಇದರ ಕೆಲಸ.

ನಮ್ಮೂರಿಗೆ ಇದು ಯಾಕೆ ಬೇಕು ಅಂದರೆ, ಬೆಟ್ಟ. ನೈರುತ್ಯಕ್ಕೆ 1,478 ಮೀಟರ್ ಎತ್ತರದ ನಂದಿ, ಪಶ್ಚಿಮಕ್ಕೆ ಸ್ಕಂದಗಿರಿ. ನಂದಿಯ ತುದಿಯಲ್ಲಿ ನಿಂತವನ ಐದು ವ್ಯಾಟ್ ಹ್ಯಾಂಡಿ ಎಲ್ಲೆಲ್ಲೋ ಕೇಳುತ್ತದೆ. ಆದರೆ ಊರೊಳಗೆ, ಇಲ್ಲವೇ ಶಿಡ್ಲಘಟ್ಟದ ರಸ್ತೆಯಲ್ಲಿರುವವನ ಸಿಗ್ನಲ್ ಬೆಟ್ಟದ ಮರೆಯಲ್ಲೇ ಉಳಿಯುತ್ತದೆ. ಆ ಮರೆಯಲ್ಲಿರುವವರಿಗೇ ಈ ಪೆಟ್ಟಿಗೆ.

ಹಾಗಾಗಿ ಇದನ್ನು 'ವೈಡ್ 1-1' (ಹತ್ತಿರದವರು ಒಮ್ಮೆ ತಿರುಗಿ ಹೇಳಿ ಎಂಬ ಕೋರಿಕೆ) ಎಂಬ ವಿಳಾಸಕ್ಕೆ ಮಾತ್ರ ಓಗೊಡುವ ಹಾಗೆ ಇಟ್ಟಿದ್ದೇನೆ. ದೂರಕ್ಕೆ ದಾಟಿಸಿ ಎಂದು 'ವೈಡ್ 2' ಬೇಡುವ ಪ್ಯಾಕೆಟ್ ಬಂದರೆ ಸುಮ್ಮನಿರುತ್ತದೆ. ಅದು ಎತ್ತರದ ನಿಲ್ದಾಣಗಳ ಪಾಲು. ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗಾ (2022ರಲ್ಲಿ ತೀರಿಕೊಂಡರು) ಮನೆ ಮಟ್ಟದ ಡಿಜಿಪೀಟರ್‌ಗಳಿಗೆ ಹೇಳಿದ್ದೂ ಇದನ್ನೇ. 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ ಒಂದು ಪ್ಯಾಕೆಟ್ ಹೆಚ್ಚುಕಮ್ಮಿ ಒಂದು ಸೆಕೆಂಡು ತರಂಗಾಂತರವನ್ನು ಹಿಡಿದಿಡುತ್ತದೆ. ಎಲ್ಲರ ಮನೆಯ ಪೆಟ್ಟಿಗೆಯೂ ಎಲ್ಲವನ್ನೂ ತಿರುಗಿ ಹೇಳಹೊರಟರೆ ಸಂತೆಯಲ್ಲಿ ಕೂಗಿದ ಹಾಗೆ, ಒಬ್ಬರದೂ ಕೇಳಿಸದು. ಹೊಸದಾಗಿ ಹಾಕುವವರು ಪವರ್ ಎಷ್ಟು ಅಂತ ಮೊದಲು ಕೇಳುತ್ತಾರೆ. ನನಗೆ ಅದು ಮುಖ್ಯವೇ ಅಲ್ಲ, ಕೇಳಿಸಿಕೊಳ್ಳುವುದು ಮುಖ್ಯ.

ಕೇಳಿಸಿಕೊಳ್ಳುವುದು ಚೆನ್ನಾಗಿದೆಯೇ ಅಂತ ಡೈರ್‌ವುಲ್ಫ್‌ನ ಪರದೆಯೇ ಹೇಳುತ್ತದೆ. ಬಂದ ಪ್ರತಿ ಪ್ಯಾಕೆಟ್ಟಿನ ಜೊತೆ ಧ್ವನಿಯ ಮಟ್ಟ ಒಂದು ಸಂಖ್ಯೆಯಾಗಿ ಬರುತ್ತದೆ; 50ರ ಆಸುಪಾಸು ಇರಬೇಕು. ರಿಗ್ಗಿನ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಪರದೆ ನೋಡಿ, ಮತ್ತೆ ತಿರುಗಿಸಿ ಕೂರಿಸಬೇಕು. ಕೂತ ಮೇಲೆ ಆ ಗುಂಡಿಗೆ ಟೇಪ್ ಸುತ್ತಿಬಿಡಿ, ಮನೆಯಲ್ಲಿ ಮಕ್ಕಳಿದ್ದರಂತೂ ತಪ್ಪದೇ. ತಿರುಗಿ ಹೇಳಿದ ಪ್ಯಾಕೆಟ್ಟಿನಲ್ಲಿ ನಮ್ಮ ಕಾಲ್‌ಸೈನ್ (ಲೈಸೆನ್ಸಿನ ಗುರುತಿನ ಹೆಸರು) ಕೊನೆಗೆ ಒಂದು ನಕ್ಷತ್ರ (*) ಬೀಳುತ್ತದೆ. ಅದನ್ನು ಬೇರೆ ಊರಿನವರ ಲಾಗಿನಲ್ಲಿ ಕಂಡರೆ ಈಗಲೂ ಖುಷಿ. ಪ್ರಸಾರ ಚಾಲೂ ಮಾಡಲು ವಾಕ್ಸ್ (ಸದ್ದು ಕೇಳಿದೊಡನೆ ತಾನೇ ಪ್ರಸಾರ ಶುರು ಮಾಡುವ ಸೌಲಭ್ಯ) ನೆಚ್ಚಬೇಡಿ, ಪ್ಯಾಕೆಟ್ ಮುಗಿದರೂ ಅದು ಸ್ವಲ್ಪ ಹೊತ್ತು ಪ್ರಸಾರ ಬಿಡುವುದಿಲ್ಲ. ಒಂದು ಟ್ರಾನ್ಸಿಸ್ಟರ್ ಹಾಕಿ ಪಿಟಿಟಿ (ರಿಗ್ಗಿನ ಪ್ರಸಾರದ ಗುಂಡಿಯ ತಂತಿ) ಎಳೆಸಿ.

ದೂರುಗಳೂ ಇವೆ. ಕರೆಂಟು ಹೋಗಿ ಬಂದು ಮೆಮೊರಿ ಕಾರ್ಡ್ ಕೆಟ್ಟಿತು. ಈಗ ಲಾಗನ್ನು ಕಾರ್ಡಿಗೆ ಬರೆಸದೆ ರ್‍ಯಾಮ್‌ನಲ್ಲೇ ಇಡುತ್ತೇನೆ, ಬ್ಯಾಟರಿ ತಂದದ್ದೂ ಅದಕ್ಕೇ. ಆರ್‌ಜಿ-58 ಎಂಬ ತೆಳು ಆಂಟೆನಾ ಕೇಬಲ್ 15 ಮೀಟರ್ ಎಳೆದರೆ ಈ ಬ್ಯಾಂಡಿನಲ್ಲಿ ಸುಮಾರು ಅರ್ಧ ಶಕ್ತಿ ಕೇಬಲ್ಲೇ ತಿನ್ನುತ್ತದೆ, ಒಳಬರುವ ಕ್ಷೀಣ ಸಿಗ್ನಲ್ಲೂ ಸೇರಿ. ದಪ್ಪನೆಯ ಆರ್‌ಜಿ-213ಕ್ಕೆ ದುಡ್ಡು ಹೆಚ್ಚಾದರೂ ಕೊಡಿ, ಉಳಿಸಬೇಕಿದ್ದರೆ ರಿಗ್ಗಿನಲ್ಲಿ ಉಳಿಸಿ. ಕನೆಕ್ಟರಿಗೆ ನೀರಿಳಿಯದ ಹಾಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಆಂಟೆನಾದ ಕೇಬಲ್ಲನ್ನು ರಿಗ್ಗಿನಿಂದ ಕಳಚಿ ಹೊರಗೆ ಹಾಕುವುದೊಂದೇ ದಾರಿ. ಮನೆಯಲ್ಲಿ ನಾನಿಲ್ಲದಾಗ ಪ್ರಸಾರ ನಿಲ್ಲಿಸಿ ಬರೀ ಕೇಳಿಸಿಕೊಳ್ಳಲು ಬಿಟ್ಟಿರುತ್ತೇನೆ.

ರಿಗ್ಗನ್ನು 145.825 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮೇಲೆ ಹಾದುಹೋಗುವಾಗ, ಅದರ ಡಿಜಿಪೀಟರ್ ಚಾಲೂ ಇದ್ದರೆ, ಅಲ್ಲಿನ ಪ್ಯಾಕೆಟ್ಟೂ ಇದೇ ಪರದೆಯಲ್ಲಿ ಬೀಳುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ಕೆಟ್ಟ ಮೆಮೊರಿ ಕಾರ್ಡಿನ ಲೆಕ್ಕಕ್ಕೆ. ಪ್ರಸಾರ ಮಾಡಲು ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಬೈಕ್ ಕಳುವಾದರೆ ಹುಡುಕೋಣ ಅನ್ನುವ ಲೆಕ್ಕದಲ್ಲಿ ನೋಡುತ್ತಿದ್ದರೆ ಇದು ಬೇಡ, ಸಿಮ್ ಹಾಕುವ ಜಿಪಿಎಸ್ ತಗೊಳ್ಳಿ.